ಉಪ್ಪು ಕಡಿಮೆ ಮಾಡಿ

ನಿಮ್ಮ ಮನೆ ಎಲ್ಲಿ, ಅಂತಾನೆ ಗಾಜಿನ ಗೂಡಿನ ಹುಡುಗ.
ನನ್ನ ಮಗನಾಗಿದ್ದರೆ ಮೊದಲು ತಲೆ ಬಾಚಿಕೋ ಅನ್ನುತ್ತಿದ್ದೆ.
ಸುರಂಗದ ಬಸ್ಸಿನಿಂದ ಇಳಿದವರು ಹದಿನಾಲ್ಕು ಮಂದಿ,
ಸಾಲಿನಲ್ಲಿ ನಾನು ಒಂಬತ್ತನೆಯವಳು,
ಕೈಚೀಲದಲ್ಲಿ ತೊಂಬತ್ತು ದಿನದ ಗುಳಿಗೆ, ಒಂದು ಬಾಳೆಹಣ್ಣು,
ಮದುವೆ ಪತ್ರದ ಮೂರು ನಕಲು.

ಯಾವ ಮನೆ ಹೇಳಲಿ?
ಡೆಟ್ರಾಯ್ಟಿನಲ್ಲಿ ಅಕ್ಕ ಒಡೆಸ್ಸಾಳ ಮನೆ.
ನನ್ನ ಹೆಸರಿನ ಕಾಗದ ಬರುವುದು ಅಲ್ಲಿಗೆ,
ನನ್ನ ವಿಮೆ ಉಸಿರು ಹಿಡಿದುಕೊಂಡು ಬಿದ್ದಿರುವುದೂ ಅಲ್ಲೇ.
ವಿಂಡ್ಸರಿನಲ್ಲಿ ಆರ್ಮಾಂಡನ ಮನೆ.
ಅಲ್ಲಿ ನನ್ನ ಚಪ್ಪಲಿ, ಓದುವ ಕನ್ನಡಕ,
ಒಂದು ತೋಳಷ್ಟೇ ಹೆಣೆದ ಸ್ವೆಟರು, ಗಂಡ.

ಹದಿನಾರು ತಿಂಗಳಾಯಿತು ಅರ್ಜಿ ಹಾಕಿ.
ಮದುವೆ ನಿಜವೆನ್ನಲು ಸಾಕ್ಷಿ ಕೊಡಿ ಎಂದರು.
ಫೋಟೊ ಕೊಟ್ಟೆವು, ಕರೆಂಟಿನ ಬಿಲ್ಲು ಕೊಟ್ಟೆವು,
ಅವನು ನನಗೆ ಬರೆದ, ಕಾಗುಣಿತ ತಪ್ಪಿದ ಸಂದೇಶಗಳನ್ನೂ ಕೊಟ್ಟೆವು.
ಮದುವೆಗೆ ಐದೇ ಜನ ಯಾಕೆ, ಎಂದು ಕೇಳಿ ಪತ್ರ ಬಂತು.
ಐವತ್ತೊಂದಕ್ಕೆ ಎರಡನೇ ಸಲ ಮದುವೆಯಾಗುವವಳು
ಊರಿಗೆ ಊರನ್ನೇ ಕರೆಯುತ್ತಾಳೆಯೇ ಸ್ವಾಮಿ?
(ಹಾಗೆ ಬರೆಯಬೇಡ ಎಂದಳು ವಕೀಲೆ.)

ಬಸ್ಸಿನಲ್ಲಿ ಪಕ್ಕ ಕೂತವಳು ಗ್ರಾಜೀನಾ, ಶಾಲಾ ವ್ಯಾನಿನ ಚಾಲಕಿ,
ಮಗನಿಗೆ ಇನ್ಸುಲಿನ್ ಕೊಳ್ಳಲು ಈ ದಡಕ್ಕೆ ಬರುತ್ತಾಳೆ.
ಅಲ್ಲಿ ಕೊಂಡರೆ ಮನೆ ಬಾಡಿಗೆ ನಿಲ್ಲುತ್ತದಂತೆ.
ನಾನೋ, ಡಾಕ್ಟರಿಗಾಗಿ ಆ ದಡಕ್ಕೆ.
ಇಲ್ಲಿ ಡಾಕ್ಟರು ಪುಕ್ಕಟೆ, ಆದರೆ ಕಾರ್ಡು ಇದ್ದವರಿಗೆ.
ಇಬ್ಬರೂ ನಕ್ಕೆವು. ಅವಳು ಒಂದು ಪುದೀನ ಮಿಠಾಯಿ ಕೊಟ್ಟಳು.
ಸುರಂಗದ ನಡುವೆ ಗೋಡೆ ಮೇಲೆ ಎರಡು ಬಾವುಟ,
ಕಣ್ಣು ಮಿಟುಕಿಸಿದರೆ ದೇಶ ತಪ್ಪಿಹೋಗುತ್ತದೆ.

ಹೋದ ಜನವರಿಯ ಒಂದು ರಾತ್ರಿ
ಅಡುಗೆಮನೆಯ ನೆಲ ನನ್ನತ್ತ ಎದ್ದು ಬಂತು.
ಆರ್ಮಾಂಡ ಕೀಲಿ ಹುಡುಕುತ್ತಿದ್ದರೆ
ನೆಲದ ಮೇಲಿಂದಲೇ ಕೇಳಿದೆ: ಇಲ್ಲಿಯ ಆಸ್ಪತ್ರೆಗೆ ಎಷ್ಟಾಗುತ್ತದೆ?
ಅವನು ಮೊತ್ತ ಹೇಳಲಿಲ್ಲ. ಬೈದ, ಫ್ರೆಂಚಿನಲ್ಲಿ.
ಕೊನೆಗೆ ಗೆದ್ದವಳು ನಾನೇ, ಮೂರ್ಖಿ;
ಆಸ್ಪತ್ರೆ ಎಂಟು ನಿಮಿಷದ ದೂರದಲ್ಲಿತ್ತು, ನಾವು ಸುರಂಗಕ್ಕಿಳಿದೆವು.
ಘೋಷಿಸಲು ಏನಾದರೂ ಇದೆಯೇ, ಎಂದ ಆ ಕಡೆಯ ಅಧಿಕಾರಿ.
ಇದೆ, ನೂರ ತೊಂಬತ್ತೆಂಟು, ಎಂದೆ.
ಅವನಿಗೆ ಅರ್ಥವಾಗಲಿಲ್ಲ. ಮುಖ ನೋಡಿ ಗೇಟು ಎತ್ತಿದ.

ಇವತ್ತು ಬೆಳಿಗ್ಗೆ ನೂರ ಅರವತ್ತು.
ಗಡಿ ದಾಟಿ ಬಂದವಳಿಗೆ ತಕ್ಷಣ ಪಟ್ಟಿ ಸುತ್ತಿದರೆ
ಇನ್ನೆಷ್ಟು ಬರಬೇಕು?
ಉಪ್ಪು ಕಡಿಮೆ ಮಾಡಿ, ಎಂದಳು ಡಾಕ್ಟರಮ್ಮ.
ಅವಳಿಗೆ ಹೇಳಲಿಲ್ಲ:
ಗಂಡ ಉಪ್ಪಿನ ಗಣಿಯವನು.
ನದಿಯ ಕೆಳಗೆ, ಮುನ್ನೂರು ಮೀಟರು ಆಳದಲ್ಲಿ,
ಈ ದಡದಿಂದ ಆ ದಡಕ್ಕೆ ಒಂದೇ ಹಾಸು ಉಪ್ಪಂತೆ.
ಅಲ್ಲಿ ಗೂಡಿಲ್ಲ, ಗಾಜಿಲ್ಲ.
ಅವನ ಕಾಲರಿನಲ್ಲಿ, ಹುಬ್ಬಿನಲ್ಲಿ, ಕಿವಿಯ ಹಿಂದೆ ಉಪ್ಪು.
ಎಲ್ಲಿಂದ ಕಡಿಮೆ ಮಾಡಲಿ?

ಎಷ್ಟು ದಿನ ಇರುತ್ತೀರಿ, ಅಂತಾನೆ ಹುಡುಗ.
ಅದನ್ನು ಡಾಕ್ಟರಮ್ಮನೂ ಹೇಳಲಿಲ್ಲಪ್ಪ.
ಗಂಡನ ಜೊತೆ ಇದ್ದೇನೆ, ಅರ್ಜಿ ಹಾಕಿದ್ದೇವೆ, ಕಾಯುತ್ತಿದ್ದೇವೆ,
ಎನ್ನುತ್ತೇನೆ, ನಿಜವನ್ನೇ, ಸುಳ್ಳು ಹೇಳುವವಳ ದನಿಯಲ್ಲಿ.
ಅವನು ಪರದೆ ನೋಡುತ್ತಾನೆ. ಮತ್ತೆ ನೋಡುತ್ತಾನೆ.
ಹಿಂದೆ ಗ್ರಾಜೀನಾ ಕೆಮ್ಮುತ್ತಾಳೆ.
ಹೋಗಿ, ಅಂತಾನೆ.

ಮನೆ ಮುಂದೆ ಮೂರು ಮೆಟ್ಟಿಲು, ಹೆಪ್ಪುಗಟ್ಟಿದ ಸಂಜೆ.
ನಾನು ಜಾರಬಾರದೆಂದು
ಪಾಳಿಗೆ ಹೋಗುವ ಮುನ್ನ ಹರಳುಪ್ಪು ಚೆಲ್ಲಿ ಹೋಗಿದ್ದಾನೆ,
ಕಂಜೂಸ್ ಮನುಷ್ಯ,
ಎರಡು ಬೊಗಸೆ, ಮೂರು ಬೊಗಸೆ, ಬಾಗಿಲವರೆಗೂ.